ನಮ್ಮ ಏರಿಯಾ ಕೆಲಸಕ್ಕೆ ಸರ್ಕಾರಿ ದುಡ್ಡು ತರೋದು ಹೇಗೆ: ತುಮಕೂರಿನ ವಾರ್ಡಿನೋರಿಗೆ ಶುರುವಿಂದ ಕೊನೆವರೆಗೆ

"ಪಾಲಿಕೆಲಿ ದುಡ್ಡಿಲ್ಲ ಸಾರ್, ಮುಂದಿನ ವರ್ಷ ನೋಡೋಣ" ಅಂತ ಒಂದ್ಸಲ ಹೇಳಿಸ್ಕೊಂಡು ಬಂದೋರು ಆಮೇಲೆ ಆ ಕಡೆ ತಲೆನೇ ಹಾಕಲ್ಲ. ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಎಷ್ಟೋ ಸಲ ಮಾರ್ಚ್ ಬರೋ ಹೊತ್ತಿಗೆ ಅನುದಾನ ಖರ್ಚಾಗಿಲ್ಲ ಅಂತ ತರಾತುರಿಲಿ, ಚೆನ್ನಾಗಿರೋ ರಸ್ತೆ ಮೇಲೇ ಇನ್ನೊಂದು ಪದರ ಡಾಂಬರು ಬೀಳುತ್ತೆ, ಪಕ್ಕದ ಬೀದಿಲಿ ಚರಂಡಿ ನೀರು ಮನೆ ಬಾಗಿಲಿಗೆ ಬರ್ತಿರುತ್ತೆ. ಅಲ್ಲಿ ಕಮ್ಮಿ ಬಿದ್ದಿದ್ದು ದುಡ್ಡಲ್ಲ, ಟೈಮಿಗೆ ಸರಿಯಾಗಿ ಟೇಬಲ್ ಮೇಲಿರೋ ಫೈಲು. ಆ ಫೈಲ್ ರೆಡಿ ಮಾಡೋದು ಬಡಾವಣೆಯೋರ ಕೈಲಿ ಆಗೋ ಕೆಲಸ, ಇಂಜಿನಿಯರ್ ಓದಿರ್ಬೇಕಿಲ್ಲ, ಯಾರ ಕಡೆಯವರೂ ಆಗಿರ್ಬೇಕಿಲ್ಲ. ಇಲ್ಲಿ ತುಮಕೂರು ಮಹಾನಗರ ಪಾಲಿಕೆ ಲೆಕ್ಕದಲ್ಲಿ ಬರೀತಿದ್ದೀನಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನಗರಸಭೆ ಇರೋದ್ರಿಂದ ಆಯುಕ್ತರ ಬದಲು ಪೌರಾಯುಕ್ತರು ಅಂತ ಓದ್ಕೊಳ್ಳಿ, ಉಳಿದಿದ್ದು ಹೆಚ್ಚೂ ಕಮ್ಮಿ ಅದೇ ದಾರಿ.

ಹೆಜ್ಜೆ 1: ಏನು ಬೇಕು ಅಂತ ಮೊದಲು ನಿಮ್ಮಲ್ಲೇ ತೀರ್ಮಾನ ಮಾಡ್ಕೊಳ್ಳಿ

ಹತ್ತು ಬೇಡಿಕೆ ಇರೋ ಮನವಿ ಕೊಟ್ರೆ ಹತ್ತೂ ಆಗಲ್ಲ. "ನಮ್ಮ ಬಡಾವಣೆಗೆ ಮೂಲಸೌಕರ್ಯ ಒದಗಿಸಿ" ಅಂತ ಬರೆದ ಅರ್ಜಿ ಸೀದಾ ಹೋಗಿ ಕಟ್ಟಿನಲ್ಲಿ ಸೇರ್ಕೊಳ್ಳುತ್ತೆ, ಯಾಕಂದ್ರೆ ಅದನ್ನ ಯಾವ ಶಾಖೆಗೆ ಕಳಿಸ್ಬೇಕು ಅಂತಾನೇ ಅಲ್ಲಿರೋರಿಗೆ ಗೊತ್ತಾಗಲ್ಲ. ಒಂದು ಅರ್ಜಿಗೆ ಒಂದೇ ಕೆಲಸ ಇರ್ಲಿ.

ಯಾವುದು ಆ ಒಂದು ಕೆಲಸ ಅಂತ ಗೊತ್ತಾಗ್ಬೇಕಂದ್ರೆ ಏರಿಯಾ ಸುತ್ತಬೇಕು, ಅದೂ ಎರಡು ಸಲ, ಒಂದ್ಸಲ ಜೋರು ಮಳೆ ನಿಂತ ತಕ್ಷಣ, ಇನ್ನೊಂದ್ಸಲ ಸಂಜೆ ಏಳೂವರೆ ಮೇಲೆ. ಮಳೇಲಿ ನೀರು ಎಲ್ಲಿ ನಿಲ್ಲುತ್ತೆ ಕಾಣುತ್ತೆ, ಕತ್ತಲೇಲಿ ಯಾವ ಕಂಬದ ಲೈಟ್ ಉರೀತಿಲ್ಲ ಕಾಣುತ್ತೆ. ಬರೀ ಸಂಘದ ನಾಲ್ಕು ಜನ ಹಿರಿಯರು ಹೋದ್ರೆ ಪಾರ್ಕಲ್ಲಿ ಬೆಂಚು ಬೇಕು ಅನ್ನೋದಕ್ಕೇ ನಿಂತ್ಕೊಳ್ಳುತ್ತೆ. ಟ್ಯೂಷನ್ ಮುಗಿಸ್ಕೊಂಡು ಬರೋ ಹುಡುಗೀರು, ಹಾಲು ಹಾಕೋನು, ಬೆಳಿಗ್ಗೆ ಬರೋ ಪೌರಕಾರ್ಮಿಕರು, ಇವರನ್ನ ಕೇಳಿ. ಯಾವ ಮೋರಿ ಯಾವಾಗ್ಲೂ ಕಟ್ಕೊಳ್ಳುತ್ತೆ ಅಂತ ಪೌರಕಾರ್ಮಿಕರಷ್ಟು ಕರೆಕ್ಟಾಗಿ ಯಾವ ಇಂಜಿನಿಯರೂ ಹೇಳಲ್ಲ.

ಆಮೇಲೆ ಒಂದು ಭಾನುವಾರ ಎಲ್ರನ್ನೂ ಸೇರಿಸಿ, ಪಟ್ಟಿ ಗೋಡೆಗೆ ಅಂಟಿಸಿ, ಮನೆಗೆ ಇಷ್ಟು ಅಂತ ಓಟು ಹಾಕ್ಸಿ. ಇದೇನು ಹೊಸ ಐಡಿಯಾ ಅಲ್ಲ, ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಅನ್ನೋ ಊರಲ್ಲಿ 1989ರಲ್ಲೇ ಜನ ಕೂತು ನಗರದ ಬಜೆಟ್‌ನ ಒಂದು ಭಾಗ ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋಕೆ ಶುರು ಮಾಡಿದ್ರು, ನಮ್ಮ ಪಕ್ಕದ ಪುಣೆ ಪಾಲಿಕೆ 2006ರಲ್ಲಿ ಅದನ್ನ ತಗೊಂಡ್ತು. ನಮ್ಮಲ್ಲಿ ಆ ವ್ಯವಸ್ಥೆ ಬರೋವರೆಗೂ ಕಾಯೋದು ಯಾಕೆ, ಓಟು ನಾವೇ ಹಾಕ್ಕೊಂಡು ಫಲಿತಾಂಶನ ಅರ್ಜಿ ಜೊತೆ ಲಗತ್ತಿಸಿದ್ರೆ ಆಯ್ತು.

ಇಲ್ಲಿ ನನ್ನ ಸ್ವಂತ ಅಭಿಪ್ರಾಯ ಒಂದು. ಸ್ವಾಗತ ಕಮಾನು, ಹೈಮಾಸ್ಟ್ ಲೈಟು, ಓಪನ್ ಜಿಮ್ಮು, ಈ ಮೂರು ಕೇಳ್ಬೇಡಿ ಅಂತಲ್ಲ, ಮೊದಲು ಕೇಳ್ಬೇಡಿ. ಉದ್ಘಾಟನೆಗೆ ಚೆನ್ನಾಗಿರುತ್ತೆ ಅಂತ ಇವು ಬೇಗ ಸಿಗ್ತವೆ, ಸಿಕ್ಕಿದ ಮೇಲೆ "ನಿಮ್ಮ ಏರಿಯಾಕ್ಕೆ ಈ ವರ್ಷ ಕೊಟ್ಟಾಯ್ತಲ್ಲ" ಅಂತಾರೆ, ಚರಂಡಿ ಹಾಗೇ ಉಳಿಯುತ್ತೆ.

ಹೆಜ್ಜೆ 2: ಜಾಗ ಯಾರದ್ದು?

ಅರ್ಧಕ್ಕರ್ಧ ಅರ್ಜಿ ಸಾಯೋದು ಇಲ್ಲೇ, ಹಂಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ಸರ್ಕಾರಿ ದುಡ್ಡು ಸಾರ್ವಜನಿಕ ಆಸ್ತಿ ಮೇಲೆ ಮಾತ್ರ ಖರ್ಚಾಗೋದು. ನಿಮ್ಮ ರಸ್ತೆ ನಿಮಗೆ ರಸ್ತೆ ಥರ ಕಂಡ್ರೂ ದಾಖಲೇಲಿ ಅದು ಇನ್ನೂ ಲೇಔಟ್ ಮಾಡಿದೋನ ಹೆಸರಲ್ಲಿ ಇರಬಹುದು. ಖಾಸಗಿ ಬಡಾವಣೆ ಆದ್ರೆ ಟೂಡಾ, ಅಂದ್ರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ನಕ್ಷೆ ಮಂಜೂರು ಮಾಡಿರ್ಬೇಕು, ಆಮೇಲೆ ರಸ್ತೆ, ಪಾರ್ಕು, ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ) ಎಲ್ಲಾ ಪಾಲಿಕೆಗೆ ಹಸ್ತಾಂತರ ಆಗಿರ್ಬೇಕು. ಹಸ್ತಾಂತರ ಆಗಿಲ್ಲ ಅಂದ್ರೆ "ಮೊದಲು ಡೆವಲಪರ್ ಮಾಡ್ಕೊಡ್ಬೇಕಲ್ಲ" ಅಂತ ವಾಪಸ್ ಕಳಿಸ್ತಾರೆ, ಅದು ನ್ಯಾಯವೇ, ಸೈಟ್ ಮಾರಿ ದುಡ್ಡು ಮಾಡ್ಕೊಂಡೋನು ಚರಂಡಿ ಮಾಡದೆ ಹೋದ್ರೆ ಅದನ್ನ ಊರಿನೋರ ತೆರಿಗೇಲಿ ಯಾಕೆ ಮಾಡ್ಬೇಕು. ಆಗ ನಿಮ್ಮ ಮೊದಲ ಅರ್ಜಿ ಪಾಲಿಕೆಗಲ್ಲ, ಟೂಡಾಕ್ಕೆ, ಬಡಾವಣೆ ಹಸ್ತಾಂತರ ಯಾವ ಹಂತದಲ್ಲಿದೆ ಅಂತ. ಕಂದಾಯ ನಿವೇಶನದ, ಅಂದ್ರೆ ನಕ್ಷೆ ಮಂಜೂರಾಗದೆ ಜಮೀನಲ್ಲೇ ಸೈಟ್ ಮಾಡಿ ಮಾರಿದ ಬಡಾವಣೆ ಆಗಿದ್ರೆ ದಾರಿ ಇನ್ನೂ ಉದ್ದ, ಆದ್ರೂ ಕುಡಿಯೋ ನೀರು, ಬೀದಿ ದೀಪ ಥರದ ಮೂಲ ಅಗತ್ಯ ಕೇಳ್ಬಹುದು, ಪಾರ್ಕು ಗೀರ್ಕು ಅಂತ ಹೋಗ್ಬೇಡಿ.

ನೋಡ್ಬೇಕಾದ ಕಾಗದ ಮುಖ್ಯವಾಗಿ ಎರಡು. ಟೂಡಾದಲ್ಲಿ ಮಂಜೂರಾದ ಲೇಔಟ್ ನಕ್ಷೆಯ ದೃಢೀಕೃತ ಪ್ರತಿ, ಪಾಲಿಕೆ ಕಂದಾಯ ಶಾಖೇಲಿ ಆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ದಾಖಲೆ. ನಕ್ಷೆ ಕೈಗೆ ಬಂದ್ಮೇಲೆ ಟೇಪ್ ಹಿಡ್ಕೊಂಡು ಪಾರ್ಕ್ ಅಳೆದು ನೋಡಿ. ನಕ್ಷೇಲಿರೋ ಪಾರ್ಕು, ನೆಲದ ಮೇಲಿರೋ ಪಾರ್ಕು ಒಂದೇ ಅಳತೆ ಬಂದ್ರೆ ಪುಣ್ಯ. ಒಂದು ಮೂಲೇಲಿ ಶೆಡ್ಡೋ ಗುಡಿಯೋ ಎದ್ದಿದ್ರೆ ಆ ವಿಷಯ ಮೊದಲೇ ಗೊತ್ತಿರ್ಲಿ, ಕೆಲಸ ಶುರುವಾದ ದಿನ ಗಲಾಟೆ ಆಗೋದಕ್ಕಿಂತ ಅದು ವಾಸಿ. ಪಾರ್ಕ್ ಜಾಗನ ಬೇರೆ ಉದ್ದೇಶಕ್ಕೆ ಬಳಸೋ ಹಾಗಿಲ್ಲ ಅನ್ನೋದಕ್ಕೆ 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ, ಅರ್ಜೀಲಿ ಅದರ ಹೆಸರು ಬರೀರಿ.

ಇನ್ನು ಯಾವ ಕೆಲಸ ಯಾರ ತಲೆ ಮೇಲೆ ಅಂತ. ಕಂಬ, ತಂತಿ ಬೆಸ್ಕಾಂದು, ಲೈಟು ಪಾಲಿಕೇದು. ದೊಡ್ಡ ಯುಜಿಡಿ (ಒಳಚರಂಡಿ) ಲೈನ್ ಹಾಕೋದು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆದೋ ಹೆದ್ದಾರಿಯವರದ್ದೋ ಆಗಿರ್ತವೆ. ನಿಮ್ಮ ಏರಿಯಾ ಪಾಲಿಕೆ ಗಡಿ ಆಚೆ ಬಿದ್ದಿದ್ರೆ ಗ್ರಾಮ ಪಂಚಾಯ್ತಿ, ಅಲ್ಲಿ ವಾರ್ಡ್ ಸಭೆ, ಗ್ರಾಮ ಸಭೇಲಿ ಎದ್ದು ನಿಂತು ಕೇಳಿ ನಡಾವಳೀಲಿ ಬರೆಸ್ಬೇಕು, ಪಿಡಿಒ ಹತ್ರ ಬಾಯಲ್ಲಿ ಹೇಳಿ ಬಂದ್ರೆ ಲೆಕ್ಕಕ್ಕಿಲ್ಲ.

ಹೆಜ್ಜೆ 3: ಯಾವ ದುಡ್ಡು ಕೇಳ್ಬೇಕು

"ಸರ್ಕಾರದ ದುಡ್ಡು" ಅಂತ ಒಂದೇ ಗಂಟು ಇರಲ್ಲ. ಬೇರೆ ಬೇರೆ ಹೆಡ್ಡು, ಒಂದೊಂದಕ್ಕೂ ಒಂದೊಂದು ಕಟ್ಟುಪಾಡು.

ಪಾಲಿಕೆ ಸ್ವಂತ ನಿಧಿ ಅಂದ್ರೆ ನಮ್ಮ ಆಸ್ತಿ ತೆರಿಗೆ, ನೀರಿನ ಕಂದಾಯ, ಲೈಸೆನ್ಸ್ ಫೀಸು ಇತ್ಯಾದಿ. ಸಣ್ಣ ಪುಟ್ಟ ರಿಪೇರಿಗೆ ಇದೇ ಸರಿ. ಇದರಲ್ಲಿ ಶೇ 24.10ರಷ್ಟು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ವಿಕಲಚೇತನರಿಗೆ ಅಂತ ಎತ್ತಿಡ್ಬೇಕು. ಈ ಮೂರು ಅಂಕಿ ನೆನಪಿಟ್ಕೊಳ್ಳಿ. ನಿಮ್ಮ ಪಕ್ಕದಲ್ಲೇ ಒಂದು ಕಾಲೋನಿ ಇದ್ದು ಅಲ್ಲಿ ಶೌಚಾಲಯ ಲೈನೋ ರಸ್ತೇನೋ ಇಲ್ಲ ಅಂದ್ರೆ ಅದಕ್ಕೆ ಅಂತಲೇ ದುಡ್ಡಿದೆ, ಆ ಕಾಲೋನಿಯೋರನ್ನ ಸಂಘಕ್ಕೆ ಸೇರಿಸ್ಕೊಂಡು ಒಟ್ಟಿಗೆ ಕೇಳಿ. ಅವರನ್ನ ಹೊರಗಿಟ್ಟು "ನಮ್ಮ ಲೇಔಟು" ಅಂತ ಗೇಟ್ ಹಾಕ್ಕೊಂಡು ಕೂತಿರೋ ಸಂಘಗಳೂ ಇವೆ, ಅವರ ಚರಂಡಿ ನೀರು ಹರಿಯೋದು ಮಾತ್ರ ಅದೇ ಕಾಲೋನಿ ಮುಂದೇನೇ.

ಕೇಂದ್ರ ಹಣಕಾಸು ಆಯೋಗದ ಅನುದಾನ ಇನ್ನೊಂದು. 15ನೇ ಆಯೋಗದ 2021ರಿಂದ 26ರ ಅವಧೀಲಿ ನಮ್ಮಂಥ ಊರುಗಳಿಗೆ ಬಂದ ದುಡ್ಡಲ್ಲಿ ಶೇ 60 ಕುಡಿಯೋ ನೀರು, ನೈರ್ಮಲ್ಯ, ಕಸ ವಿಲೇವಾರಿ ಇಂಥದ್ದಕ್ಕೇ ಕಟ್ಟಿಹಾಕಿದ್ರು, ಶೇ 40 ಮಾತ್ರ ಬಿಡಿ. ಹಂಗಾಗಿ ಅದೇ ದುಡ್ಡಲ್ಲಿ ಪಾರ್ಕ್ ಕೇಳಿದ್ರೆ ಕಷ್ಟ, ಪಾರ್ಕಿನ ಮಳೆನೀರು ಇಂಗುಗುಂಡಿ ಅಂದ್ರೆ ಬಾಗಿಲು ತೆರೆಯುತ್ತೆ. 2026-27ರಿಂದ 16ನೇ ಆಯೋಗದ ಲೆಕ್ಕ, ಅದರ ಕಟ್ಟುಪಾಡು ಏನು ಅಂತ ಪಾಲಿಕೆ ಲೆಕ್ಕ ಶಾಖೇಲಿ ಕೇಳಿ ತಿಳ್ಕೊಂಡೇ ಅರ್ಜಿ ಬರೀರಿ. ರಾಜ್ಯದಿಂದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನ ಬರುತ್ತೆ, ಜೊತೆಗೆ ಊರಿನ ಮೂಲಸೌಕರ್ಯಕ್ಕೆ ಅಂತ ಇರೋ ನಗರೋತ್ಥಾನ ಥರದ ಯೋಜನೆಗಳು. ಆದ್ರೆ ನಗರೋತ್ಥಾನದಲ್ಲಿ ದೊಡ್ಡ ದೊಡ್ಡ ಪ್ಯಾಕೇಜೇ ಜಾಸ್ತಿ, ನಿಮ್ಮ ಒಂದು ಅಡ್ಡರಸ್ತೆ ಅದರೊಳಗೆ ಸೇರ್ಬೇಕಂದ್ರೆ ಪಟ್ಟಿ ತಯಾರಾಗೋ ಹೊತ್ತಲ್ಲೇ ಹೆಸರಿರ್ಬೇಕು.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ. ಸಂಸದರಿಗೆ ವರ್ಷಕ್ಕೆ 5 ಕೋಟಿ, 1993ರಿಂದ ಇರೋ ಯೋಜನೆ, ಅದರಲ್ಲಿ ಶೇ 15 ಪರಿಶಿಷ್ಟ ಜಾತಿ, ಶೇ 7.5 ಪಂಗಡದವರು ಇರೋ ಪ್ರದೇಶಗಳಿಗೆ. ಇವರ್ಯಾರೂ ದುಡ್ಡು ಕೊಡಲ್ಲ, ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಜಿಲ್ಲಾಧಿಕಾರಿ ಕಚೇರಿ. ಅದಕ್ಕೇ ಶಾಸಕರ ಲೆಟರ್ ಸಿಕ್ತು ಅಂತ ಸ್ವೀಟ್ ಹಂಚ್ಬೇಡಿ, ಲೆಟರ್ ಅನ್ನೋದು ಶುರು ಅಷ್ಟೆ. ಸಂಸದರ ನಿಧೀಲಿ ಪೂಜಾ ಸ್ಥಳಕ್ಕೆ ದುಡ್ಡಿಲ್ಲ, ಹಂಗಾಗಿ "ದೇವಸ್ಥಾನದ ಮುಂದಿನ ಸಮುದಾಯ ಭವನ" ಅನ್ನೋವಾಗ ಜಾಗದ ದಾಖಲೆ ಯಾರ ಹೆಸರಲ್ಲಿದೆ ನೋಡ್ಕೊಳ್ಳಿ. ಇನ್ನೊಂದು, ತುಮಕೂರು ನಗರ, ತುಮಕೂರು ಗ್ರಾಮಾಂತರ ಅಂತ ಎರಡು ವಿಧಾನಸಭಾ ಕ್ಷೇತ್ರ ಇದೆ. ಊರಂಚಿನ ಬಡಾವಣೆಯೋರು ನಿಮ್ಮ ವೋಟರ್ ಐಡಿ ಯಾವ ಕ್ಷೇತ್ರದ್ದು ನೋಡ್ಕೊಂಡು ಆಮೇಲೆ ಹೋಗಿ.

ಹೆಜ್ಜೆ 4: ಕಾಗದ

ಸಂಘ ನೋಂದಣಿ ಕಡ್ಡಾಯ ಅಲ್ಲ, ಆದ್ರೆ ಮಾಡಿಸಿದ್ರೆ ಒಳ್ಳೇದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಸಾಕು.

ಅರ್ಜಿ ಒಂದೇ ಪುಟ ಇರ್ಲಿ. "ತಮ್ಮ ಘನ ಕಚೇರಿಯ ಅವಗಾಹನೆಗೆ" ಅಂತ ಅರ್ಧ ಪುಟ ಪೀಠಿಕೆ ಬೇಡ. ಹಿಂಗೆ ಬರೀಬಹುದು:

"ಇವರಿಗೆ, ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ತುಮಕೂರು. ವಿಷಯ: ಇಂಥ ವಾರ್ಡಿನ ಇಂಥ ಬಡಾವಣೆ 3ನೇ ಅಡ್ಡರಸ್ತೆಯಲ್ಲಿ, ಹಾಲಿನ ಬೂತ್‌ನಿಂದ ಅಂಗನವಾಡಿವರೆಗೆ, ಬಲಭಾಗದಲ್ಲಿ 140 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿ ಮತ್ತು ಮೇಲೆ ಚಪ್ಪಡಿ ಹಾಕಿಸುವ ಬಗ್ಗೆ. ಈ ರಸ್ತೆ ಪಾಲಿಕೆಗೆ ಹಸ್ತಾಂತರವಾಗಿರುತ್ತದೆ, ದಾಖಲೆ ಲಗತ್ತಿಸಿದೆ. ಮಳೆ ಬಂದಾಗ ಅಂಗನವಾಡಿ ಒಳಗೆ ನೀರು ನುಗ್ಗುತ್ತಿದೆ, ಫೋಟೋ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸಲು ಸಂಬಂಧಪಟ್ಟ ಇಂಜಿನಿಯರ್ ಅವರಿಗೆ ಸೂಚಿಸಿ, ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕಾಗಿ ಕೋರಿಕೆ."

ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾವ ಕಡೆ. ಇಷ್ಟು ಇದ್ರೆ ಇಂಜಿನಿಯರ್ ಬಂದು ನೋಡಿ ಅಂದಾಜು ಪಟ್ಟಿ ಮಾಡೋಕೆ ಒಂದು ಮಧ್ಯಾಹ್ನ ಸಾಕು. ದುಡ್ಡೆಷ್ಟು ಅಂತ ನೀವು ಬರೀಬೇಡಿ, ಅದು ಎಸ್‌ಆರ್ (ಸರ್ಕಾರದ ದರಪಟ್ಟಿ) ದರದ ಮೇಲೆ ಅವರೇ ಹಾಕೋದು. ಸಹಿಗಳ ಜೊತೆ ಮನೆ ನಂಬರ್ ಇರ್ಲಿ, ಆಗೋದಾದ್ರೆ ಆ ರಸ್ತೆಯೋರು ಈ ವರ್ಷ ಕಟ್ಟಿದ ಆಸ್ತಿ ತೆರಿಗೆ ರಸೀದಿಗಳ ಒಟ್ಟು ಮೊತ್ತಾನೂ ಒಂದು ಸಾಲಲ್ಲಿ ಬರೀರಿ. "ನಮ್ಮ ಬೀದಿ ಇಷ್ಟು ಲಕ್ಷ ಕಟ್ಟಿದೆ" ಅನ್ನೋ ಮಾತಿಗೆ ಇರೋ ತೂಕ ಬೇರೆ ಯಾವ ಬೇಡಿಕೆಗೂ ಇಲ್ಲ. ಹೇಗಿದ್ರೂ ಏಪ್ರಿಲ್‌ನಲ್ಲೇ ಕಟ್ಟಿದ್ರೆ ಶೇ 5 ರಿಯಾಯ್ತಿ ಸಿಗುತ್ತೆ.

ಎರಡು ಪ್ರತಿ ತಗೊಂಡೋಗಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು, ನಂಬರ್ ಹಾಕಿಸ್ಕೊಂಡೇ ವಾಪಸ್ ಬನ್ನಿ. ಸೀಲಿಲ್ಲದ ಅರ್ಜಿ ಕೊಟ್ಟಂಗೇ ಅಲ್ಲ.

ಹೆಜ್ಜೆ 5: ಕ್ಯಾಲೆಂಡರ್ ನೋಡಿ ಹೊರಡಿ

ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಬಜೆಟ್ ಪೂರ್ವಭಾವಿ ಸಾರ್ವಜನಿಕ ಸಭೆ ಅದಕ್ಕೆ ಮುಂಚೆ ಚಳಿಗಾಲದಲ್ಲಿ ಕರೀತಾರೆ, ಪೇಪರಲ್ಲಿ ಸಣ್ಣದೊಂದು ಪ್ರಕಟಣೆ ಬರುತ್ತೆ, ಹೋಗೋರು ಬೆರಳೆಣಿಕೆ ಜನ. ಛತ್ರ ಬುಕ್ ಮಾಡೋಕೆ ಮದುವೆ ತಿಂಗಳಲ್ಲಿ ಹೋದ್ರೆ ಹೆಂಗೆ ಸಿಗಲ್ವೋ ಹಂಗೇ, ಜೂನ್‌ನಲ್ಲಿ ಹೋಗಿ ಈ ವರ್ಷದ ಬಜೆಟ್ ದುಡ್ಡು ಕೇಳಿದ್ರೆ ಅದು ಆಗಲೇ ಬೇರೆಯವರ ಹೆಸರಲ್ಲಿರುತ್ತೆ. ದೀಪಾವಳಿ ಹೊತ್ತಿಗೆ ಅರ್ಜಿ ಸೀಲಾಗಿರ್ಲಿ, ಸಂಕ್ರಾಂತಿ ಒಳಗೆ ಅಂದಾಜು ಪಟ್ಟಿ ಆಗಿರ್ಲಿ, ಸಭೇಲಿ ಎದ್ದು ನಿಂತು ಅಂದಾಜಿನ ಮೊತ್ತ ಸಮೇತ ಹೇಳಿ, ಹೇಳಿದ್ದನ್ನ ಲಿಖಿತವಾಗಿಯೂ ಕೊಡಿ. ಅನುದಾನಗಳ ಕ್ರಿಯಾ ಯೋಜನೆ, ಅಂದ್ರೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನೋ ಪಟ್ಟಿ, ಬೇರೆ ಬೇರೆ ಟೈಮಲ್ಲಿ ಆಗುತ್ತೆ, ಅದಕ್ಕೆ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರ ಕಚೇರೀಲಿ ವಿಚಾರಿಸ್ತಾ ಇರಿ.

ಚುನಾವಣಾ ನೀತಿ ಸಂಹಿತೆ ಬಂತು ಅಂದ್ರೆ ಹೊಸ ಕೆಲಸ ಎಲ್ಲಾ ನಿಂತೋಗುತ್ತೆ. ಆಗಲೇ ಶುರುವಾದ ಕೆಲಸ ಮಾತ್ರ ನಡೆಯುತ್ತೆ. ಚುನಾವಣೆ ವಾಸನೆ ಬರ್ತಿದ್ದಂಗೆ ಕಾರ್ಯಾದೇಶ (ಕಂಟ್ರಾಕ್ಟರ್‌ಗೆ ಕೆಲಸ ಶುರು ಮಾಡಿ ಅಂತ ಕೊಡೋ ಆದೇಶ) ಹೊರಬಿದ್ದು ಕೆಲಸಾನೂ ಶುರುವಾಗೋ ಹಾಗೆ ಬೆನ್ನು ಬೀಳಿ.

ಹೆಜ್ಜೆ 6: ಯಾರ ಹತ್ರ ಹೋಗೋದು

ತುಮಕೂರಲ್ಲಿ 35 ವಾರ್ಡು. ಚುನಾಯಿತ ಸದಸ್ಯರು ಇದ್ರೆ ಅವರ ಹತ್ರ ಮೊದಲು ಹೋಗಿ, ಅವರನ್ನ ಬಿಟ್ಟು ಮೇಲೆ ಹೋದ್ರೆ ಕೆಲಸ ಕೆಡುತ್ತೆ. ಕೌನ್ಸಿಲ್ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿ ತೀರ್ಮಾನ ಮಾಡೋದು, ಆಗ ಆಯುಕ್ತರು, ವಾರ್ಡಿನ ಇಂಜಿನಿಯರು ಇಬ್ಬರನ್ನೂ ಬಿಡ್ಬೇಡಿ.

ವಾರ್ಡ್ ಸಮಿತಿ ಅಂತ ಒಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಊರಲ್ಲಿ ಇರ್ಲೇಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ, ತುಮಕೂರು 2011ರ ಜನಗಣತೀಲೇ ಆ ಗಡಿ ದಾಟಿದೆ. ನಮ್ಮ ರಾಜ್ಯದ ಪಾಲಿಕೆ ಕಾಯ್ದೆ ಪ್ರಕಾರ ವಾರ್ಡ್ ಸದಸ್ಯರೇ ಅಧ್ಯಕ್ಷರು, ಜೊತೆಗೆ ಹತ್ತು ಜನ, ಅದರಲ್ಲಿ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ನಿಮ್ಮ ವಾರ್ಡಿಗೆ ರಚನೆ ಆಗಿದ್ಯಾ ಅಂತ ಬರವಣಿಗೇಲಿ ಕೇಳಿ, ಆಗಿಲ್ಲ ಅಂದ್ರೆ ರಚಿಸಿ ಅಂತ ಕೊಡಿ. ಆಗಿದ್ರೆ ಸಭೆ ನಡಾವಳೀಲಿ ನಿಮ್ಮ ಚರಂಡಿ ಹೆಸರು ಬರಿಸಿ, ನಡಾವಳಿ ಪ್ರತಿ ಇಸ್ಕೊಳ್ಳಿ.

ಮಧ್ಯದಲ್ಲಿ ಯಾರಾದ್ರೂ "ನಾನು ಮಾಡಿಸ್ಕೊಡ್ತೀನಿ, ಮನೆಗೆ ಇಷ್ಟು ಅಂತ ಕಲೆಕ್ಟ್ ಮಾಡಿ" ಅಂದ್ರೆ ಒಂದು ರೂಪಾಯೀನೂ ಎತ್ತಬೇಡಿ. ಸರ್ಕಾರಿ ಕೆಲಸಕ್ಕೆ ವಂತಿಗೆ ಇಲ್ಲ.

ಹೆಜ್ಜೆ 7: ಟೆಂಡರ್

ಇಲ್ಲಿ ನಿಮ್ಮ ಕೆಲಸ ಕಮ್ಮಿ. ಟೆಂಡರ್‌ಗಳು ಕೆಪಿಪಿಪಿ ಅನ್ನೋ ರಾಜ್ಯ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಬರ್ತವೆ, ಪಾಲಿಕೆ ಹೆಸರು ಹಾಕಿ ಹುಡುಕಿ. ಕೆಲವು ಕೆಲಸ ಸರ್ಕಾರದ ಕಡೆಯ ನಿರ್ಮಾಣ ಸಂಸ್ಥೆಗಳಾದ ನಿರ್ಮಿತಿ ಕೇಂದ್ರಕ್ಕೋ ಕೆಆರ್‌ಐಡಿಎಲ್‌ಗೋ ನೇರವಾಗಿ ಹೋಗುತ್ತೆ. ಕಾರ್ಯಾದೇಶ ಆದ ತಕ್ಷಣ ಅದರ ಪ್ರತಿ, ಅಂದಾಜು ಪಟ್ಟಿ ಪ್ರತಿ ಎರಡೂ ಕೇಳಿ ಇಸ್ಕೊಳ್ಳಿ.

ಹೆಜ್ಜೆ 8: ಕೆಲಸ ನಡೆಯೋವಾಗ ಅಲ್ಲೇ ಇರಿ

ಶುರುಮಾಡೋ ಮುಂಚೆ ಒಂದು ಪ್ರಶ್ನೆ: ಯುಜಿಡಿ, ನೀರಿನ ಪೈಪು, ಗ್ಯಾಸ್ ಲೈನು, ಕೇಬಲ್ಲು ಯಾವುದಾದ್ರೂ ಈ ರಸ್ತೇಲಿ ಬರೋದಿದ್ಯಾ? ಇದ್ರೆ ಮೊದಲು ಅದು. ಹೊಸ ರಸ್ತೆ ಹಾಕಿ ತಿಂಗಳಿಗೆ ಅಗೆಯೋದು ತುಮಕೂರಿನೋರಿಗೆ ಹೇಳ್ಕೊಡ್ಬೇಕಿಲ್ಲ.

ಅಂದಾಜು ಪಟ್ಟಿ ಕೈಲಿದ್ರೆ ಅದರಲ್ಲಿ ಪ್ರತಿ ಐಟಂ ದಪ್ಪ, ಅಗಲ, ಉದ್ದ ಇರುತ್ತೆ. ಕಾಂಕ್ರೀಟ್ ರಸ್ತೆ 150 ಮಿಲಿಮೀಟರ್ ದಪ್ಪ ಅಂತ ಬರೆದಿದ್ರೆ ಹಾಕೋ ದಿನ ಬೆಳಿಗ್ಗೆ ಪಕ್ಕದಲ್ಲಿ ಅಚ್ಚಿಗೆ ಅಂತ ನಿಲ್ಲಿಸಿರೋ ಪಟ್ಟಿ ಎತ್ತರ ಸ್ಕೇಲಿಟ್ಟು ನೋಡಿ. ಪಕ್ಕದಲ್ಲಿ ಸರಿಯಿಟ್ಟು ಮಧ್ಯದಲ್ಲಿ ಮಣ್ಣು ಏರಿಸೋರೂ ಇದ್ದಾರೆ, ಅದಕ್ಕೆ ಎರಡೂ ಪಟ್ಟಿಗೆ ದಾರ ಎಳೆದು ನಡುವಿನಿಂದ ನೆಲಕ್ಕೆ ಅಳೀರಿ. ಕಾಂಕ್ರೀಟ್ ಹಾಕಿದ ಮೇಲೆ ಕ್ಯೂರಿಂಗು ಕನಿಷ್ಠ 7 ದಿನ, ಈಗ ಜಾಸ್ತಿ ಬಳಸೋ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದ್ರೆ 10 ದಿನ. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತಾರೆ ಇಲ್ಲ ಗೋಣಿ ಹಾಸ್ತಾರೆ. ಕಂಟ್ರಾಕ್ಟರ್ ಕಡೆಯೋರು ಮೂರನೇ ದಿನ ಟ್ಯಾಂಕರ್ ಬಂದಿಲ್ಲ ಅಂತಾರೆ, ಬೀದಿಯೋರು ಪಾಳಿ ಹಾಕ್ಕೊಂಡು ನೀರು ಹಾಕೋದು ನಮ್ಮದೇ ರಸ್ತೆಗೆ ಒಳ್ಳೇದು, ಆದ್ರೆ ಟ್ಯಾಂಕರ್ ಬಂದಿಲ್ಲ ಅಂತ ಇಂಜಿನಿಯರ್‌ಗೆ ಫೋಟೋ ಸಮೇತ ಮೆಸೇಜ್ ಹಾಕ್ಬಿಡಿ. ಇಂಟರ್‌ಲಾಕ್ ಆದ್ರೆ ಬ್ಲಾಕ್ ದಪ್ಪ ನೋಡಿ, ನಡೆಯೋ ಜಾಗಕ್ಕೆ 60 ಮಿಲಿಮೀಟರ್ ಸಾಕು, ಗಾಡಿ ಓಡಾಡೋ ಕಡೆ 80 ಬೇಕು. ಅಂಚಿಗೆ ಕಾಂಕ್ರೀಟ್ ಕಟ್ಟು ಹಾಕದೆ ಬಿಟ್ರೆ ಒಂದೇ ಮಳೆಗಾಲಕ್ಕೆ ಬ್ಲಾಕ್‌ಗಳು ಪಕ್ಕಕ್ಕೆ ಸರಿಯೋಕೆ ಶುರು. ಚರಂಡಿ ಆದ್ರೆ ಮೇಲೆ ಚಪ್ಪಡಿ ಮುಚ್ಚೋ ಮುಂಚೆ ಮೇಲ್ಗಡೆಯಿಂದ ನಾಲ್ಕು ಬಕೆಟ್ ನೀರು ಸುರಿದು ನೋಡಿ. ನೀರು ಎಲ್ಲಾದ್ರೂ ನಿಂತ್ರೆ ಇಳಿಜಾರು ಸರಿಯಿಲ್ಲ, ಆಗಲೇ ಹೇಳ್ಬೇಕು, ಮುಚ್ಚಿದ ಮೇಲೆ ಸೊಳ್ಳೆ ಮಾತ್ರ ಹೇಳುತ್ತೆ.

ಕೇಳಿದ್ರೆ ಕಾಗದ ಕೊಡ್ತಿಲ್ಲ ಅಂದ್ರೆ ಆರ್‌ಟಿಐ. 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಲ್ಲಿ 150 ಪದದ ಮಿತಿ, ಉತ್ತರಕ್ಕೆ 30 ದಿನ. ಕೇಳ್ಬೇಕಾದ್ದು ಅಂದಾಜು ಪಟ್ಟಿ, ಕಾರ್ಯಾದೇಶ, ಎಂಬಿ ಅಂದ್ರೆ ಅಳತೆ ಪುಸ್ತಕದ ಪುಟಗಳು, ಪಾವತಿ ಬಿಲ್ಲು. ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ 2005ರ ಆ ಮಾಹಿತಿ ಹಕ್ಕು ಕಾಯ್ದೇಲಿ ಕಾಮಗಾರಿನ ಸ್ಥಳದಲ್ಲೇ ಪರಿಶೀಲಿಸೋ ಹಕ್ಕು, ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋ ಹಕ್ಕು ಎರಡೂ ಇದೆ. ಆ ಸಾಲು ಅರ್ಜೀಲಿ ಇದ್ರೆ ಮಾತಿನ ಧಾಟೀನೇ ಬದಲಾಗುತ್ತೆ. ದೂರು ಕೊಡೋಕೆ ಸರ್ಕಾರದ ಸಹಾಯವಾಣಿ ನಂಬರ್ 1902 ಇದೆ. ಅದೂ ಆಗದೆ ಹೋದ್ರೆ ಲೋಕಾಯುಕ್ತ, ಆದ್ರೆ ಅಲ್ಲಿ ಅಫಿಡವಿಟ್ ಹಾಕಿ ಕೊಡ್ಬೇಕು, ವರ್ಷಗಟ್ಟಲೆ ಎಳೆಯುತ್ತೆ, ನಾನಂತೂ ಬಿಲ್ ಪಾಸಾಗೋ ಮುಂಚೆ ತಡೆಯೋದೇ ಜಾಣತನ ಅಂತೀನಿ. ಬಿಲ್ ಆಗೋ ಮುಂಚೆ ಆಯುಕ್ತರಿಗೆ ಕೊಟ್ಟ ಒಂದು ಪುಟದ ತಕರಾರು, ಬಿಲ್ ಆದ ಮೇಲಿನ ಹತ್ತು ದೂರಿಗೆ ಸಮ.

ಹೆಜ್ಜೆ 9: ಮುಗಿದ ಮೇಲೆ

ಗುತ್ತಿಗೆ ಕರಾರಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತೆ, ಅಷ್ಟು ದಿನ ಕಿತ್ತೋದ್ರೆ ಕಂಟ್ರಾಕ್ಟರೇ ತನ್ನ ದುಡ್ಡಲ್ಲಿ ರಿಪೇರಿ ಮಾಡ್ಕೊಡ್ಬೇಕು, ಅವನ ಭದ್ರತಾ ಠೇವಣಿ ಪಾಲಿಕೆ ಹತ್ರ ಇರುತ್ತೆ. ಆ ಅವಧಿ ಯಾವತ್ತಿಗೆ ಮುಗಿಯುತ್ತೆ ಅಂತ ಮೊಬೈಲ್‌ನಲ್ಲಿ ಅಲಾರಂ ಇಟ್ಕೊಳ್ಳಿ, ಒಂದು ತಿಂಗಳ ಮುಂಚೆದಕ್ಕೆ. ಅವತ್ತು ಮತ್ತೆ ಬೀದಿ ಸುತ್ತಿ, ಬಿರುಕು, ಕುಸಿತ, ಒಡೆದ ಚಪ್ಪಡಿ ಎಲ್ಲಾ ಫೋಟೋ ತೆಗೆದು, ಠೇವಣಿ ವಾಪಸ್ ಕೊಡೋ ಮುಂಚೆ ಇದನ್ನ ಸರಿ ಮಾಡಿಸಿ ಅಂತ ಸೀಲ್ ಹಾಕಿಸಿ ಕೊಡಿ. ಪಾರ್ಕಾದ್ರೆ ನೀರಿನ ಬಿಲ್ಲು, ಕರೆಂಟ್ ಬಿಲ್ಲು, ಮಾಲಿ ಸಂಬಳ ಯಾರದ್ದು ಅಂತ ಉದ್ಘಾಟನೆಗೆ ಮುಂಚೆ ಬರವಣಿಗೇಲಿ ಆಗ್ಬೇಕು. ಸಂಘ ನೋಡ್ಕೊಳ್ಳುತ್ತೆ ಅಂತ ಉತ್ಸಾಹದಲ್ಲಿ ಒಪ್ಕೊಂಡ್ರೆ ಎರಡನೇ ಬೇಸಿಗೆಗೆ ಗಿಡ ಒಣಗುತ್ತೆ, ಸಂಘದಲ್ಲಿ ಜಗಳಾನೂ ಬರುತ್ತೆ. ನೀರು, ಕರೆಂಟು ಪಾಲಿಕೇದು, ಬೀಗದ ಕೈ ಮತ್ತೆ ಗುಡಿಸೋದು ನಮ್ಮದು ಅಂತ ಹಂಚ್ಕೊಂಡ್ರೆ ನಡೆಯುತ್ತೆ.